ಸೀಮೆಸುಣ್ಣದ ಲೆಕ್ಕ

ನೀಲಿ ಥಾನು ಹಾಸಿದ ಮೇಜಿನ ಮೇಲೆ
ಮೊದಲು ಪ್ಯಾಂಟಿನ ಗುರುತು: ಸೊಂಟ, ತೊಡೆ, ಮೊಣಕಾಲು.
ಅಂಚಿನಲ್ಲಿ ಉಳಿದ ಚೂರು ಜಾಗದಲ್ಲಿ
ಕಾರಿನ ವಿಮೆಯ ಲೆಕ್ಕ.

ಯುಗಾದಿ ಮುಗಿದು, ಬ್ರೂಸ್‌ಪೇಟೆಯ ಡಾಂಬರು
ಚಪ್ಪಲಿಗೆ ಅಂಟುವ ಹೊತ್ತಿಗೆ
ಏಜೆಂಟ್ ಯರ್ರೆಪ್ಪನ ಫೋನು ಬರುತ್ತದೆ:
"ಅಣ್ಣ, ಹದಿನೇಳಕ್ಕೆ ಮುಗೀತೈತಿ ನೋಡು."
ಮಗಳು ಹುಟ್ಟಿದ ತಾರೀಕು ನನಗೆ ನೆನಪಿರುವುದಿಲ್ಲ,
ಕಾರಿನದು ಅವನು ಮರೆಯುವುದಿಲ್ಲ.

ಎರಡನೇ ಕೈ ಆಲ್ಟೊ. ಬೆಳ್ಳಿ ಬಣ್ಣ ಎನ್ನುತ್ತದೆ ಆರ್‌ಸಿ,
ತೋರಣಗಲ್ಲಿನ ಅದಿರು ಧೂಳು ಬೇರೆ ಏನೋ ಅನ್ನುತ್ತದೆ.
ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ,
ಕಂತು ಮಾತ್ರ ಏರುತ್ತದೆ.
ಕತ್ತರಿಯ ಎರಡು ಅಲಗು ಕೂಡುವ ಕಡೆ
ನನ್ನ ಬೆರಳಿದೆ.

ಒಂಬತ್ತು ವರ್ಷ ಕಟ್ಟಿದೆ. ಕೂಡಿದರೆ ನಲವತ್ತೊಂಬತ್ತು ಸಾವಿರ.
ಅಂದರೆ ಒಂದು ಓವರ್‌ಲಾಕ್ ಮಷಿನ್ನು, ಜೊತೆಗೆ
ಸುಂಕಮ್ಮನಿಗೆ ಬೇಸಿಗೆ ಬೇಸಿಗೆಗೂ ಹೇಳುತ್ತ ಬಂದ ಕೂಲರು.
ಒಂದೇ ಸಲ ಕೈ ಚಾಚಿದ್ದು:
ಕುಡಿತಿನಿ ದಾಟಿದ ಮೇಲೆ ಎಮ್ಮೆ ಅಡ್ಡ ಬಂತು,
ಬಂಪರು ಎರಡು ಹೋಳು, ಬಿಲ್ಲು ಏಳು ಸಾವಿರ.
ಪ್ಲಾಸ್ಟಿಕ್ಕಿಗೆ ಅರ್ಧ ಸವಕಳಿ, ಅಂದರು.
ಮೊದಲ ಸಾವಿರ ನಿಮ್ಮದೇ, ಅಂದರು.
ಕೇಳಿದ್ದಕ್ಕೆ ಮುಂದಿನ ವರ್ಷದ ರಿಯಾಯಿತಿ ಇಲ್ಲ, ಅಂದರು.
ಕೈಗೆ ಬಂದದ್ದು ಎರಡೂವರೆ ಸಾವಿರ,
ಅಲೆದದ್ದು ಮೂರು ದಿನದ ಕೂಲಿ.
ಎಮ್ಮೆಗೆ ವಿಮೆ ಇರಲಿಲ್ಲ.
ಬಾಲ ಬೀಸಿಕೊಂಡು ಹೊಲಕ್ಕೆ ಇಳಿಯಿತು.

"ಊಟಕ್ಕಿಲ್ಲದ ಉಪ್ಪಿನಕಾಯಿ, ಯರ್ರೆಪ್ಪ, ನಿನ್ನ ಕಾಗದ," ಎಂದೆ.
ನಕ್ಕ. ಆ ನಗುವಿಗೂ ಕಮಿಷನ್ನು ಇರಬೇಕು.

ಹೋದ ವಾರ ಹುಸೇನಪೀರ ಬಂದ,
ಒಂದು ಕಾಲಕ್ಕೆ ವಾಷಿಂಗಿನಲ್ಲಿ ಪ್ಯಾಂಟು ಒಗೆಯುತ್ತಿದ್ದವ,
ಆಗ ಮೊಣಕೈವರೆಗೂ ನೀಲಿ.
ಸಂಗನಕಲ್ಲಿನ ತಿರುವಿನಲ್ಲಿ ಅವನ ಸೈಕಲ್ಲಿಗೆ ಕಾರು ಗುದ್ದಿತ್ತು.
ಕಾರೂ ಸಿಕ್ಕಿತು, ಓಡಿಸಿದವನೂ ಸಿಕ್ಕ:
ಬಾಗಿಲು ಕಿಟಕಿ ಮಾಡುವ ಬಡಗಿ,
ಹಿಂದಿನ ತಿಂಗಳಷ್ಟೇ, ಹಲಗೆಯ ಮೇಲೋ ಎಲ್ಲೋ,
ಇದೇ ಲೆಕ್ಕ ಮಾಡಿ ಕಂತು ಬಿಟ್ಟಿದ್ದವ.
ಕೋರ್ಟು ಒಂಬತ್ತು ಲಕ್ಷ ಕೊಡು ಅಂತು.
ತಿಂಗಳಿಗೆ ಎರಡು ಸಾವಿರ ತಂದು ಕೊಡುತ್ತಾನಂತೆ,
ಕೆಲಸ ಸಿಕ್ಕ ತಿಂಗಳು.
"ಪಾಪ, ಬಂದಾಗ ಚಾ ಕುಡಿದು ಹೋಗ್ತಾನ," ಎಂದ ಪೀರ.
ನಾನು ಬಾಯಲ್ಲೇ ಭಾಗಿಸಿದೆ:
ಮೂವತ್ತೇಳು ವರ್ಷ ಆರು ತಿಂಗಳು.

"ಗೇಟಿನತ್ರ ಕೂರೋ ಕೆಲಸ ಸಿಕ್ಕೈತಿ, ಪ್ಯಾಂಟು ಬೇಕು.
ಬಲಗಾಲಿಂದು ಅಳತಿ ತಗೋ, ಸಾಕು."
ಹದಿನೆಂಟು ವರ್ಷ ಕತ್ತರಿಸಿದ್ದೇನೆ,
ಜೋಡಿಯಿಲ್ಲದ ಕಾಲು ಕತ್ತರಿಸಿರಲಿಲ್ಲ.
ಎಡಕ್ಕೆ ತೊಡೆಯ ಕೆಳಗೆ ನಾಲ್ಕು ಬೆರಳು ಬಿಟ್ಟು
ಮಡಿಸಿ, ಎರಡು ಹೊಲಿಗೆ ಹಾಕಿದೆ.
ಮಿಕ್ಕ ಬಟ್ಟೆ ಚಿಂದಿಯ ಚೀಲಕ್ಕೆ ಹಾಕಲು ಕೈ ಬರಲಿಲ್ಲ.
"ಒಂದೇ ಕಾಲು, ಅರ್ಧ ಕೂಲಿನಾ?" ತಾನೇ ನಕ್ಕ.
ನನಗೆ ಬಂಪರಿನ ಸವಕಳಿ ನೆನಪಾಯಿತು,
ಹೇಳಲಿಲ್ಲ.

ಹದಿನಾರರ ರಾತ್ರಿ ಯರ್ರೆಪ್ಪನಿಗೆ ನಾನೇ ಫೋನು ಮಾಡಿದೆ.
"ಥರ್ಡ್ ಪಾರ್ಟಿ ಅಷ್ಟೇ ಕಟ್ಟು. ನನ್ನ ಬಂಪರು ನನಗಿರಲಿ,
ಎಮ್ಮೆಗಳ ಜೊತೆ ನಾನು ಮಾತಾಡಿಕೊಳ್ಳುತ್ತೇನೆ."
ಎರಡು ಸಾವಿರ ಚಿಲ್ಲರೆ. ಅದೂ ದುಬಾರಿಯೇ,
ಈ ಸೆಖೆಯಲ್ಲಿ ಮಗ್ಗುಲು ಬದಲಿಸುವಾಗ
ಇನ್ನೂ ಹಾಗೇ ಅನ್ನಿಸುತ್ತದೆ.

ಆ ಮೂರನೆಯವನು ಯಾರೋ. ಹೆಸರಿಲ್ಲ, ಊರು ಗೊತ್ತಿಲ್ಲ.
ಈಗ ಎಲ್ಲೋ ಸೈಕಲ್ಲಿಗೆ ಗಾಳಿ ಹೊಡೆಸುತ್ತಿರಬಹುದು.
ನನ್ನ ದುಡ್ಡು ಅವನಿಗೆ ಎಂದೂ ತಲುಪದಿರಲಿ.

ಬೆಳಿಗ್ಗೆ ಥಾನು ಕತ್ತರಿಸಿದೆ.
ನಲವತ್ತೊಂಬತ್ತು ಎಂದು ಬರೆದ ತುಂಡು
ಯಾರದೋ ಹಿಂಜೇಬಿಗೆ ಬಂತು.
ಒರೆಸಲಿಲ್ಲ, ಹೊಲಿದುಬಿಟ್ಟೆ.
ಮೊದಲ ಒಗೆತಕ್ಕೆ ಹೋಗುತ್ತದೆ.